ದುಷ್ಯಂತನ ಮರೆವೂ ಕುಕಿಯೆಂಬ ಉಂಗುರವೂ

ಶಕುಂತಲೆಯ ಕತೆಯನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಕೈಹಿಡಿದ ಮಡದಿಯೇ ಎದುರಿಗೆ ಬಂದು ನಿಂತರೂ ದುಷ್ಯಂತನಿಗೆ ಗುರುತು ಹತ್ತಲಿಲ್ಲ. ಗುರುತಿಗೆಂದು ಕೊಟ್ಟ ಉಂಗುರವು ಶಚೀತೀರ್ಥದ ನೀರಿನಲ್ಲಿ ಜಾರಿಹೋಗಿದ್ದಿತು. ಯಾವ ದೂರ್ವಾಸರ ಶಾಪವೂ ಇಲ್ಲದೆ, ಹುಟ್ಟಿನಿಂದಲೇ ಇಂತಹ ಮರೆವನ್ನು ಪಡೆದುಬಂದ ಇನ್ನೊಬ್ಬ ದುಷ್ಯಂತನಿದ್ದಾನೆ. ನಮ್ಮ ಹಣಕಾಸು, ಕೊಳ್ಳುವಿಕೆ, ಮಕ್ಕಳ ಪರೀಕ್ಷೆಯ ಫಲಿತಾಂಶ ಎಲ್ಲವೂ ಇಂದು ಅವನ ಕೈಯಲ್ಲಿಯೇ ಇವೆ. ಅವನ ಹೆಸರು ಸರ್ವರ್.

ಬ್ರೌಸರಿನಲ್ಲಿ ನಾವು ಒಂದು ಪುಟವನ್ನು ಬೇಡಿದೊಡನೆ ಎಲ್ಲಿಯೋ ದೂರದಲ್ಲಿರುವ ಸರ್ವರು ಅದನ್ನು ಕಳುಹಿಸುತ್ತದೆ. ಕಳುಹಿಸಿದ ಮರುಕ್ಷಣವೇ ಬೇಡಿದವರು ಯಾರೆಂಬುದನ್ನು ಮರೆತುಬಿಡುತ್ತದೆ. ಎಚ್‌ಟಿಟಿಪಿ ಎಂಬ ಅದರ ಸಂಭಾಷಣೆಯ ನಿಯಮವೇ ಅಂತಹುದು. ಅಂಗಡಿಯ ಪುಟದಲ್ಲಿ ಸೀರೆಯೊಂದನ್ನು ಆರಿಸಿಟ್ಟು ಬೆಲೆ ತೆರಲು ಮುಂದಿನ ಪುಟಕ್ಕೆ ಹೋದರೆ, "ತಾವು ಯಾರು? ಯಾವ ಸೀರೆ?" ಎಂದು ಕೇಳುವಷ್ಟು ಮರೆವು!

1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮೊಂಟುಲ್ಲಿ ಎಂಬ ತರುಣನು ಇದಕ್ಕೊಂದು ಉಪಾಯವನ್ನು ಕಂಡುಹಿಡಿದನು. ಪುಟದೊಡನೆ ಸರ್ವರು ಒಂದು ಸಣ್ಣ ಚೀಟಿಯನ್ನೂ ಕಳುಹಿಸಲಿ. ಬ್ರೌಸರು ಅದನ್ನು ಜೋಪಾನವಾಗಿಟ್ಟುಕೊಂಡು, ಅದೇ ತಾಣಕ್ಕೆ ಮತ್ತೆ ಹೋದಾಗಲೆಲ್ಲ ಹಿಂದಕ್ಕೆ ತೋರಿಸಲಿ. ಯೂನಿಕ್ಸ್ ಬಲ್ಲವರ ನಡುವೆ ಮೊದಲೇ ಬಳಕೆಯಲ್ಲಿದ್ದ 'ಮ್ಯಾಜಿಕ್ ಕುಕಿ' ಎಂಬ ಮಾತಿನಿಂದ ಈ ಚೀಟಿಗೆ ಕುಕಿಯೆಂಬ ಹೆಸರಾಯಿತು. ಬೇಕರಿಯ ಬಿಸ್ಕತ್ತಿಗೂ ಇದಕ್ಕೂ ನಂಟೇನೂ ಇಲ್ಲ. ಅದೇ ಮೊಂಟುಲ್ಲಿಯು ತನ್ನ ಕಚೇರಿಯ ಮೀನಿನ ತೊಟ್ಟಿಗೆ ಕ್ಯಾಮೆರಾ ಹಿಡಿದು ಲೋಕಕ್ಕೆಲ್ಲ ಮೀನುಗಳನ್ನು ತೋರಿಸಿದನೆಂಬುದನ್ನು ಓದಿದಾಗ ನನಗೆ ನಗು ಬಂದಿತು: ಉಂಗುರಕ್ಕೂ ಮೀನಿಗೂ ಇರುವ ನಂಟು ಕಲಿಯುಗದಲ್ಲಿಯೂ ತಪ್ಪಲಿಲ್ಲ!

ಆದರೆ ಕಾಳಿದಾಸನ ನಾಟಕದಲ್ಲಿ ಉಂಗುರವನ್ನು ಮಾರಲು ಹೋದ ಬೆಸ್ತನನ್ನು ಕಾವಲಿನವರು ಹಿಡಿದು ಕಟ್ಟುತ್ತಾರೆ: "ರಾಜಮುದ್ರೆಯ ಉಂಗುರ ನಿನಗೆಲ್ಲಿಂದ ಬಂತು?" ಸರ್ವರಿನ ಬಾಗಿಲಲ್ಲಿ ಸಾಮಾನ್ಯವಾಗಿ ಅಂತಹ ಕಾವಲಿನವರಿಲ್ಲ. ಉಂಗುರವನ್ನು ತೋರಿಸಿದವರೆಲ್ಲರೂ ಶಕುಂತಲೆಯರೇ.

ಇದರ ಅರ್ಥ ನನಗಾದದ್ದು ಕಳೆದ ವರ್ಷ. ಆಂತರಿಕ ಪರೀಕ್ಷೆಯ ಅಂಕಗಳನ್ನು ನಾವು ಒಂದು ಜಾಲತಾಣದಲ್ಲಿ ದಾಖಲಿಸುತ್ತೇವೆ. ಇಂತಹ ತಾಣಗಳನ್ನು ಕಟ್ಟುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ನೋಡಲು ಬಂದವನು, ಅಧ್ಯಾಪಕರ ಕೊಠಡಿಯಲ್ಲಿ ಕುಳಿತು, "ಮೇಷ್ಟ್ರೇ, ಇದರ ಕುಕಿಯನ್ನು ನೋಡಿದ್ದೀರಾ?" ಎಂದನು. ಬ್ರೌಸರಿನ ಮೂಲೆಯಲ್ಲಿ ಏನನ್ನೋ ಒತ್ತಿ ತೋರಿಸಿದನು. 'ಅಧ್ಯಾಪಕ 27' ಎಂದಷ್ಟೇ ಇದ್ದಿತು. ಅದು ನನ್ನ ಸಂಖ್ಯೆ. ಪಕ್ಕದಲ್ಲಿದ್ದ ಭೌತಶಾಸ್ತ್ರದ ಮಿತ್ರರು, "ನನ್ನದು 31. ಬರೆದು ನೋಡಪ್ಪ" ಎಂದರು ತಮಾಷೆಗೆ. 27ನ್ನು ಅಳಿಸಿ 31 ಎಂದು ಬರೆದದ್ದೇ ತಡ, ಪುಟದ ನೆತ್ತಿಯ ಮೇಲೆ ಮಿತ್ರರ ಹೆಸರು ಮೂಡಿತು. ಕೆಳಗೆ ಅವರ ತರಗತಿಯ ಅಂಕಗಳು, ತಿದ್ದಲು ಸಿದ್ಧವಾಗಿ. ಪಾಸ್‌ವರ್ಡನ್ನು ಯಾರೂ ಕೇಳಲಿಲ್ಲ. ಮಿತ್ರರ ನಗು ನಿಂತುಹೋಯಿತು.

"ಅಂಕ ನೋಡಲು ಮಕ್ಕಳೂ ಇದೇ ತಾಣಕ್ಕೆ ತಾನೇ ಬರುವುದು?" ಎಂದನು ಹುಡುಗ. ಒಂದೇ ಒಂದು ಅಂಕದಿಂದ ವಿದ್ಯಾರ್ಥಿವೇತನ ತಪ್ಪಿಹೋದ ಹುಡುಗಿಯೊಬ್ಬಳು ನನ್ನ ಕಣ್ಣಮುಂದೆ ಬಂದಳು.

ಪರಿಹಾರವನ್ನೂ ಅವನೇ ಹೇಳಿದನು. ಕುಕಿಯಲ್ಲಿ ಅರ್ಥವುಳ್ಳ ಯಾವ ಮಾತೂ ಇರಕೂಡದು. ಯಾರೂ ಊಹಿಸಲಾರದಷ್ಟು ಉದ್ದವಾದ, ಗೊತ್ತುಗುರಿಯಿಲ್ಲದ ಅಕ್ಷರಗಳ ಸಾಲೊಂದನ್ನು ಅದರಲ್ಲಿಡಬೇಕು. ಆ ಸಾಲು ಯಾರದೆಂಬ ಲೆಕ್ಕ ಸರ್ವರಿನ ಪುಸ್ತಕದಲ್ಲಿಯೇ ಇರಬೇಕು. ಪ್ರತಿಸಲ ಪಾಸ್‌ವರ್ಡ್ ಕೊಟ್ಟು ಒಳಬಂದಾಗಲೂ ಹೊಸ ಉಂಗುರ. ಹೊರಟಾಗ ಬ್ರೌಸರಿನಿಂದ ತೆಗೆದರಷ್ಟೇ ಸಾಲದು, ಸರ್ವರಿನ ಪುಸ್ತಕದಿಂದಲೂ ಹೊಡೆದುಹಾಕಬೇಕು. ಇಲ್ಲದಿದ್ದರೆ ಮೊದಲೇ ನಕಲು ತೆಗೆದಿಟ್ಟುಕೊಂಡವನಿಗೆ ಬಾಗಿಲು ತೆರೆದೇ ಇರುತ್ತದೆ.

ಊಹಿಸಲಾಗದ ಉಂಗುರವನ್ನೂ ಕದಿಯಬಹುದಲ್ಲವೇ? ಅದಕ್ಕಾಗಿ ಕುಕಿಯನ್ನು ಕಳುಹಿಸುವಾಗ ಮೂರು ಮಾತುಗಳನ್ನು ಸೇರಿಸಬೇಕಂತೆ. 'ಎಚ್‌ಟಿಟಿಪಿಓನ್ಲಿ' ಎಂದರೆ ಪುಟದಲ್ಲಿ ನುಸುಳಿದ ಯಾವ ಜಾವಾಸ್ಕ್ರಿಪ್ಟೂ ಕುಕಿಯನ್ನು ಓದಲಾಗದು. ಇದನ್ನು 2002ರಲ್ಲಿ ಮೈಕ್ರೋಸಾಫ್ಟಿನವರು ಮೊದಲು ತಂದರು. 'ಸೆಕ್ಯೂರ್' ಎಂದರೆ ಗೂಢಲಿಪಿಯ ದಾರಿಯಲ್ಲಲ್ಲದೆ ಬೇರೆ ದಾರಿಯಲ್ಲಿ ಕುಕಿ ಹೊರಡದು. ಇದರ ಬೆಲೆಯನ್ನು ಲೋಕ ಕಲಿತದ್ದು 2010ರಲ್ಲಿ. ಆ ವರ್ಷ ಎರಿಕ್ ಬಟ್ಲರ್ ಎಂಬಾತನು ಫೈರ್‌ಶೀಪ್ ಎಂಬ ಸಲಕರಣೆಯನ್ನು ಬಹಿರಂಗವಾಗಿ ಹೊರತಂದನು. ಒಂದೇ ಕಾಫಿ ಅಂಗಡಿಯ ಬೀಗವಿಲ್ಲದ ವೈಫೈಯಲ್ಲಿ ಕುಳಿತವರ ಫೇಸ್‌ಬುಕ್ ಕುಕಿಗಳನ್ನು ಗಾಳಿಯಿಂದಲೇ ಎತ್ತಿಕೊಂಡು, ಒಂದು ಗುಂಡಿ ಒತ್ತಿ ಅವರ ವೇಷದಲ್ಲಿ ಒಳಹೋಗಬಹುದಾಗಿದ್ದಿತು. ಕಳ್ಳತನವನ್ನು ಕಲಿಸಿದನೆಂದು ಅವನನ್ನು ಬೈದವರುಂಟು. ನನಗೇನೋ, ಬೀಗವಿಲ್ಲದ ಬಾಗಿಲನ್ನು ಹಾಡುಹಗಲಿನಲ್ಲಿ ತೋರಿಸಿದವನು ಉಪಕಾರಿಯೆಂದೇ ತೋರುತ್ತದೆ.

ಮೂರನೆಯದು 'ಸೇಮ್‌ಸೈಟ್'. ಬೇರೊಂದು ತಾಣದ ಪುಟವು ನಮಗೆ ತಿಳಿಯದಂತೆ ನಮ್ಮ ಬ್ಯಾಂಕಿಗೆ ಬೇಡಿಕೆಯನ್ನು ಕಳುಹಿಸಿದರೆ, ಹಿಂದೆಲ್ಲ ಬ್ರೌಸರು ಮುಗ್ಧವಾಗಿ ಬ್ಯಾಂಕಿನ ಕುಕಿಯನ್ನೂ ಜೊತೆಗೆ ಕಳುಹಿಸಿಬಿಡುತ್ತಿದ್ದಿತು. ಈ ಮಾತು ಅದನ್ನು ತಡೆಯುತ್ತದೆ. ಕಟ್ಟುವವರು ಇದನ್ನು ಬರೆಯಲು ಮರೆತರೂ ತಕ್ಕಮಟ್ಟಿಗೆ ಬರೆದಂತೆಯೇ ಎಣಿಸುವುದನ್ನು ಕ್ರೋಮ್ ಬ್ರೌಸರು 2020ರಲ್ಲಿ ಆರಂಭಿಸಿತು.

ಜಾಹೀರಾತಿನವರು ಕುಕಿಯಿಂದ ನಮ್ಮ ಬೆನ್ನುಹತ್ತುವ ಕತೆ ಬೇರೆಯೇ ಇದೆ. ಅದನ್ನು ಇನ್ನೊಮ್ಮೆ ಹೇಳಬೇಕು.

ತಾಣವನ್ನು ಕಟ್ಟಿದವರಿಗೆ ಅಂದೇ ಬರೆದೆವು. ಅವರು ತಕರಾರು ಮಾಡದೆ ಒಂದು ವಾರದೊಳಗಾಗಿ ಸರಿಪಡಿಸಿದರು. ಹಳೆಯ ಕುಕಿಗಳೆಲ್ಲ ರದ್ದಾದುದರಿಂದ ಸೋಮವಾರ ಬೆಳಿಗ್ಗೆ ಎಲ್ಲರೂ ಮತ್ತೆ ಪಾಸ್‌ವರ್ಡ್ ಕೊಟ್ಟು ಒಳಹೋಗಬೇಕಾಯಿತು. ಭೌತಶಾಸ್ತ್ರದ ಮಿತ್ರರು ಮಾತ್ರ ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕುಳಿತಿದ್ದರು. ಅವರಿಗೆ ಪಾಸ್‌ವರ್ಡೇ ಮರೆತುಹೋಗಿದ್ದಿತು.