ನದಿಯ ವ್ಯಾಜ್ಯ, ನ್ಯಾಯಾಲಯದ ಮಿತ್ರ

ಜಮಖಂಡಿಗೆ ಸಮೀಪದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜು ಸರ್ಕಾರದ ಕಾಮಗಾರಿಯಲ್ಲ, ನದೀತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ವಂತಿಗೆಯಿಂದಲೂ ಮೈದುಡಿಮೆಯಿಂದಲೂ 1989ರಲ್ಲಿ ಕಟ್ಟಿ ನಿಲ್ಲಿಸಿದ ಕಾರ್ಯವೆಂಬುದು ನೋಡಿದವರಿಗೆ ಇಂದಿಗೂ ಸೋಜಿಗವನ್ನುಂಟುಮಾಡುತ್ತದೆ. ‘ಶ್ರಮಬಿಂದು ಸಾಗರ’ವೆಂಬ ಹೆಸರು ಅದಕ್ಕೆ ಅನ್ವರ್ಥವಾದುದು. ಆದರೆ ನದಿಗೇ ಒಡ್ಡು ಹಾಕಬಲ್ಲ ಈ ಜನಕ್ಕೆ, ಆ ನದಿಯ ವ್ಯಾಜ್ಯವು ದೆಹಲಿಯನ್ನು ಮುಟ್ಟಿದಾಗ, ಪಕ್ಷಕಾರರ ಸ್ಥಾನವಿಲ್ಲ.

ಸಂವಿಧಾನದ 131ನೆಯ ವಿಧಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ನೇರವಾಗಿ ಹೂಡುವ ದಾವೆಯಲ್ಲಿ ವಾದಿ ಪ್ರತಿವಾದಿಗಳಾಗಬಲ್ಲವು ಕೇಂದ್ರವೂ ರಾಜ್ಯಗಳೂ ಮಾತ್ರವೇ. ನದೀಜಲದ ಹಂಚಿಕೆಯಂತೂ 1956ರ ಅಂತರರಾಜ್ಯ ನದೀಜಲ ವಿವಾದಗಳ ಕಾಯಿದೆಯಂತೆ ನ್ಯಾಯಾಧಿಕರಣದ ವಶ. ಕೃಷ್ಣೆಗೆ ಮೊದಲು ಬಚಾವತ್ ನ್ಯಾಯಾಧಿಕರಣ, ಅನಂತರ 2004ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ. ಕರ್ನಾಟಕ ಆಂಧ್ರಗಳು ಒಂದರ ಮೇಲೊಂದು ಹೂಡಿದ ದಾವೆಗಳ ತೀರ್ಪು 25 ಏಪ್ರಿಲ್ 2000ರಂದು ಬಂದು, ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಎತ್ತರವು 519.6 ಮೀಟರಿಗೆ ನಿಂತಿತು. 2010ರಲ್ಲಿ ಎರಡನೆಯ ನ್ಯಾಯಾಧಿಕರಣವು 524.256 ಮೀಟರಿಗೆ ಸಮ್ಮತಿಸಿತು. ದೆಹಲಿಯ ಕಡತದಲ್ಲಿ ಇದು ನಾಲ್ಕೂವರೆ ಮೀಟರಿಗೆ ತುಸು ಮಿಗಿಲಾದ ಅಂಕಿ. ಬೀಳಗಿಯ ಒಕ್ಕಲಿಗನಿಗೆ ಹಿನ್ನೀರು ತನ್ನ ಹೊಲದ ಬದುವನ್ನು ದಾಟುವುದೋ ಇಲ್ಲವೋ ಎಂಬ ಪ್ರಶ್ನೆ. ಅದೇ ನೀರಿಗಾಗಿ ಕೆಳಗಣ ಸೀಮೆಯ ಮತ್ತೊಬ್ಬ ರೈತ ಕಾದಿರುತ್ತಾನೆ. ಮುಳುಗುವವನ ಮಾತನ್ನೂ ಕಾಯುವವನ ಮಾತನ್ನೂ ಒಂದೇ ಬಾಯಿಂದ ಆಡಬೇಕಾದ ರಾಜ್ಯವು, ಎದುರಾಳಿಯ ಮುಂದೆ ತನ್ನ ಪಾಲನ್ನು ಕಾಪಾಡಿಕೊಳ್ಳುವ ಧಾವಂತದಲ್ಲಿ, ಒಳಮನೆಯ ಈ ಭೇದವನ್ನು ಎತ್ತದೆ ಬಿಟ್ಟರೆ ಅದು ಅಸಹಜವಲ್ಲ.

ಇಂತಹ ಸ್ಥಳದಲ್ಲಿಯೇ ‘ಅಮಿಕಸ್ ಕ್ಯೂರಿ’, ಎಂದರೆ ನ್ಯಾಯಾಲಯದ ಮಿತ್ರ, ನೆನಪಿಗೆ ಬರುತ್ತಾನೆ. ಅವನು ಯಾರ ವಕಾಲತ್ತನ್ನೂ ಹೊತ್ತವನಲ್ಲ. ಗೆಲ್ಲುವುದೂ ಸೋಲುವುದೂ ಅವನಿಗಿಲ್ಲ. ಉಭಯಪಕ್ಷಗಳು ಮರೆತುದನ್ನು, ಅಥವಾ ಮರೆಮಾಡಿದುದನ್ನು, ಪೀಠದ ಗಮನಕ್ಕೆ ತರುವುದೇ ಅವನ ಧರ್ಮ. ಅಮೆರಿಕದಲ್ಲಿ 1821ರಲ್ಲಿ ಖಾಸಗಿ ಜನರ ನಡುವಣ ಭೂವ್ಯಾಜ್ಯವೊಂದರಲ್ಲಿ ಕೆಂಟಕಿ ಪ್ರಾಂತದ ಕಾನೂನೇ ಬಿದ್ದುಹೋಗುವ ಸಂಭವ ಒದಗಿದಾಗ, ಹೆನ್ರಿ ಕ್ಲೇ ಮಿತ್ರನಾಗಿ ಎದ್ದು ನಿಂತು ಮರುವಿಚಾರಣೆಯನ್ನು ಬೇಡಿ ಪಡೆದನು. ಅಲ್ಲಿ ಜನರ ವ್ಯಾಜ್ಯದ ಹೊರಗುಳಿದ ರಾಜ್ಯಕ್ಕೆ ಮಿತ್ರನು ಬಾಗಿಲಾದನು. ನಮ್ಮಲ್ಲಿ ರಾಜ್ಯಗಳ ವ್ಯಾಜ್ಯದ ಹೊರಗುಳಿದ ಜನಕ್ಕೆ ಬಾಗಿಲು ಬೇಕಾಗಿದೆ. ಅಮೆರಿಕದಲ್ಲಿ ಸಂಘಸಂಸ್ಥೆಗಳು ತಾವಾಗಿಯೇ ಲಿಖಿತ ನಿವೇದನೆಗಳನ್ನು ಸಲ್ಲಿಸುವುದು ವಾಡಿಕೆ. ಇಲ್ಲಿ ಸಾಮಾನ್ಯವಾಗಿ ನ್ಯಾಯಪೀಠವೇ ನುರಿತ ವಕೀಲರೊಬ್ಬರನ್ನು ಆರಿಸುತ್ತದೆ. ಗೋದಾವರ್ಮನ್ ಅರಣ್ಯ ಮೊಕದ್ದಮೆಯಲ್ಲಿ ಹರೀಶ್ ಸಾಳ್ವೆಯವರು ವರ್ಷಗಟ್ಟಲೆ ನಿರ್ವಹಿಸಿದುದು ಈ ಪಾತ್ರವನ್ನೇ.

ಈ ಮೈತ್ರಿಗೆ ಮಿತಿಯೂ ಉಂಟು. ಜನರು ಆರಿಸಿದ ಸರ್ಕಾರಕ್ಕೆ ಜನರು ಉತ್ತರ ಕೇಳಬಹುದು. ಪೀಠವು ಆರಿಸಿದ ಮಿತ್ರನಿಗೆ ಕೇಳುವಂತಿಲ್ಲ. ಆದ್ದರಿಂದ ಅವನ ಮಾತು ಅಭಿಪ್ರಾಯಕ್ಕಿಂತ ಸಾಕ್ಷ್ಯದ ಮೇಲೆ ನಿಲ್ಲಬೇಕು. ನ್ಯಾಯಾಧಿಕರಣವು ಸಲಹೆಗಾಗಿ ಇಬ್ಬರು ಅಥವಾ ಹೆಚ್ಚು ಮಂದಿ ತಜ್ಞರನ್ನು ನೇಮಿಸಿಕೊಳ್ಳಬಹುದೆಂದು 1956ರ ಕಾಯಿದೆಯೇ ಹೇಳುತ್ತದೆ. ನೀರನ್ನು ಅಳೆಯಲು ತಜ್ಞನ ನೆರವನ್ನು ಬಯಸುವ ವ್ಯವಸ್ಥೆಯು, ಆ ನೀರಿನಿಂದ ಬದುಕುವವರನ್ನೂ ಅದರಲ್ಲಿ ಮುಳುಗುವವರನ್ನೂ ಅರಿಯಲು ಮಿತ್ರನೊಬ್ಬನನ್ನು ಕರೆಸಿಕೊಂಡರೆ ಅಧಿಕವೇನೂ ಆಗಲಾರದು.

ಹಾಸನ್ನು ಎಷ್ಟು ಬಿಗಿದು ಕಟ್ಟಿದರೂ ಹೊಕ್ಕಿಲ್ಲದೆ ಸೀರೆಯಾಗದೆಂಬುದನ್ನು ರಬಕವಿ-ಬನಹಟ್ಟಿಯ ನೇಕಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಜ್ಯಗಳ ವಾದವು ಉದ್ದಕ್ಕೆ ಬಿಗಿದ ಹಾಸು. ಜಮಖಂಡಿ, ಮುಧೋಳ, ಬೀಳಗಿಗಳ ದಡದಿಂದ ಬರಬೇಕಾದ ಅಡ್ಡನೂಲನ್ನು ಮಗ್ಗಕ್ಕೆ ತಲುಪಿಸುವವನೇ ನ್ಯಾಯಾಲಯದ ನಿಜವಾದ ಮಿತ್ರ.