ಪುಟ್ಟ ಹಾಲಿಗೆ ಎಷ್ಟು ಇಂಚಿನ ಟಿವಿ?

ಅಂಗಡಿಗೆ ಹೋಗೋ ಮುಂಚೆ ಟೇಪ್ ಹಿಡೀರಿ. 43 ಇಂಚು ಅನ್ನೋದು ಅಗಲ ಅಲ್ಲ, ಪರದೆಯ ಮೂಲೆಯಿಂದ ಮೂಲೆಗೆ. ಅಗಲ ಸುಮಾರು 37. 32 ಇಂಚಿನದ್ದಾದ್ರೆ 28.

ಬಾಡಿಗೆ ಮನೆ, ಓನರ್ ಗೋಡೆ ಕೊರೆಯೋಕೆ ಬಿಡಲ್ವಾ? ಹಾಗಾದ್ರೆ ಟಿವಿಯ ಕಾಲು ನೋಡಿ. ಎಷ್ಟೋ ಟಿವಿಗಳಿಗೆ ಎರಡು ತುದಿಯಲ್ಲಿ ಕಾಲಿರುತ್ತೆ. ಮೇಜಿನ ಉದ್ದ ಸಾಲದಿದ್ರೆ ಒಂದು ಕಾಲು ಗಾಳೀಲಿ!

ಕೂರೋ ಜಾಗ ಐದೂವರೆ ಅಡಿ ದೂರ ಇದ್ರೆ 43ರ ಫೋರ್‌ಕೆ ಆರಾಮ. ಜಾಗಾನೂ ಇಲ್ಲ, ಜೇಬೂ ಬಿಗಿ ಅಂದ್ರೆ 32 ಧಾರಾಳ ಸಾಕು.

ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ.

ಅಂಗಡಿಯವರ ಮಿಂಚೋ ಡೆಮೊ ವಿಡಿಯೊ ನಂಬಬೇಡಿ. ನೀವು ದಿನಾ ನೋಡೋ ಚಾನೆಲ್ಲೇ ಹಾಕಿಸಿ.