ನೋಡಿದ ಚೋಮ, ಓದಿದ ಚೋಮ

ಪುಸ್ತಕವನ್ನು ಮೊದಲು ಓದಿ ಅನಂತರ ಚಿತ್ರವನ್ನು ನೋಡಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ಅದು ತಿರುವುಮುರುವಾಯಿತು. ಬಿ. ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ‘ಚೋಮನ ದುಡಿ’ಯನ್ನು ಕಳೆದ ವಾರ ಮನೆಮಂದಿಯೆಲ್ಲ ಕೂಡಿ ನೋಡಿದೆವು. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ನಾನು ಕೈಗೆತ್ತಿಕೊಂಡುದು ಆ ಮೇಲೆಯೇ.

ಚಿತ್ರದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಚೋಮನಾದ ವಾಸುದೇವರಾಯರ ಮುಖ. ಜೋಡಿ ಎತ್ತುಗಳಿದ್ದೂ, ಹುಟ್ಟಿದ ಜಾತಿಯ ಕಾರಣದಿಂದ ಉಳಲು ತುಂಡು ನೆಲ ದೊರೆಯದವನ ಸಂಕಟವನ್ನು ಅವರು ಮಾತಿಲ್ಲದೆಯೇ ತೋರಿಸಿದ್ದಾರೆ. ಅವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯೂ ಚಿತ್ರಕ್ಕೆ ಸ್ವರ್ಣಕಮಲವೂ ಸಂದುದು ನ್ಯಾಯವೇ. ದುಡಿಯ ದನಿಯನ್ನಂತೂ ಅಚ್ಚಿನ ಅಕ್ಷರ ಹೀಗೆ ಕೇಳಿಸಲಾರದು.

ಚೋಮನ ಕಿರಿಯ ಮಗ ಹೊಳೆಯಲ್ಲಿ ಮುಳುಗುತ್ತಿರುವಾಗ ದಡದಲ್ಲಿದ್ದವರು ಮೈಲಿಗೆಗೆ ಅಂಜಿ ನಿಂತೇ ಇರುತ್ತಾರೆ. ‘ಎಂಥ ಕಟುಕರು!’ ಎಂದು ನಾವೆಲ್ಲ ಉದ್ಗರಿಸಿದೆವು. ಕಾದಂಬರಿಯನ್ನು ಓದುತ್ತಿದ್ದಂತೆ ಆ ಉದ್ಗಾರ ನನಗೇ ಚುಚ್ಚತೊಡಗಿತು. ಒಡೆಯ ಸಂಕಪ್ಪಯ್ಯ ಕಟುಕನಲ್ಲ. ಚೋಮನ ಬಗೆಗೆ ಅವನಿಗೆ ಕನಿಕರವುಂಟು. ಆದರೂ ತಾಯಿಯ ಮಾತಿಗೆ, ಊರಿನ ರೂಢಿಗೆ ಹೆದರಿ ಹಿಂಜರಿಯುತ್ತಾನೆ.

ನಮ್ಮ ಮನೆಯಲ್ಲಿ ಕೆಲಸದಾಕೆಯ ಕಾಫಿಗೆಂದು ಬೇರೆ ಲೋಟವಿತ್ತು. ಅದನ್ನು ಬೇರೆಯಿರಿಸಿದವರು ನನ್ನ ತಾಯಿ. ಇಷ್ಟು ವರ್ಷ ಹಾಗೆಯೇ ನಡೆಯಗೊಟ್ಟವಳು ನಾನು. ಪುಸ್ತಕ ಮುಗಿದ ಸಂಜೆ ಆ ಲೋಟವನ್ನು ತೊಳೆದು ನಮ್ಮ ಲೋಟಗಳ ನಡುವೆಯೇ ಇರಿಸಿದೆ. ಅಮ್ಮ ನೋಡಿದರು, ಏನೂ ಅನ್ನಲಿಲ್ಲ.

ಎರಡರಲ್ಲಿ ಯಾವುದು ಹೆಚ್ಚು ಎಂದು ಗೆಳತಿಯರು ಕೇಳುತ್ತಾರೆ. ಚಿತ್ರವನ್ನು ತಪ್ಪದೆ ನೋಡಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ ಎನ್ನುತ್ತೇನೆ.